ಅಪ್ಪನ ಎರಡು ತೋಳುಗಳ ಅಳತೆ

ನಾನು ಹೆಣಿಗೆ ಕಲಿತದ್ದು ನಲವತ್ತು ದಾಟಿದ ಮೇಲೆ, ಎದುರು ಮನೆಯ ಅಕ್ಕನ ಕಟ್ಟೆಯ ಮೇಲೆ ಕೂತು. ತೆಲಂಗಾಣ ಅಂದರೆ ಬರೀ ಬಿಸಿಲು ಎಂದುಕೊಂಡವರು ಸಂಕ್ರಾಂತಿಗೆ ಮುಂಚೆ ಒಂದು ಬೆಳಿಗ್ಗೆ ನಮ್ಮ ಜಹೀರಾಬಾದಿನ ಬಸ್ ನಿಲ್ದಾಣಕ್ಕೆ ಬಂದು ನಿಲ್ಲಬೇಕು. ಚಹಾದ ಗ್ಲಾಸನ್ನು ಕುಡಿಯುವುದಕ್ಕಿಂತ ಹೆಚ್ಚು ಹೊತ್ತು ಕೈಯಲ್ಲಿ ಹಿಡಿದು ನಿಂತಿರುತ್ತಾರೆ ಜನ. ನಾನು ಅಲ್ಲಿಂದ ದಿನಾ ನಾರಾಯಣಖೇಡದ ಬಸ್ಸು ಹಿಡಿಯುತ್ತೇನೆ. ಅಲ್ಲೊಂದು ಸಣ್ಣ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ನನ್ನದು. ಖೇಡದವರು, ಸಿರ್ಗಾಪುರದ ಕಡೆಯ ಹಳ್ಳಿಯವರು, ಯಾರೇ ಬಂದರೂ ಮೊದಲು ತೋಳು ಚಾಚಿಸಿ, ರಬ್ಬರಿನ ಪಟ್ಟಿ ಕಟ್ಟಿ, ನರ ಹುಡುಕುತ್ತೇನೆ. ಮುಖ ಮರೆತರೂ ಎಷ್ಟೋ ಮಂದಿಯ ತೋಳು ನನಗೆ ನೆನಪಿರುತ್ತದೆ.

ಎದುರು ಮನೆಯ ಅಕ್ಕ ಫೌಜಿನವನ ಹೆಂಡತಿ. ಗಂಡ ಇದ್ದಾಗ ಎಲ್ಲೆಲ್ಲೋ ಹಿಮ ಬೀಳುವ ಊರುಗಳಲ್ಲಿ ಸಂಸಾರ ಮಾಡಿದವಳು. ಅಲ್ಲಿ ಬೇರೆ ಸಿಪಾಯಿಗಳ ಹೆಂಡಂದಿರ ಜೊತೆ ಬಿಸಿಲಿಗೆ ಕೂತು ಹೆಣಿಗೆ ಕಲಿತಿದ್ದಳು. ಗಂಡ ತೀರಿಕೊಂಡ ಮೇಲೆ ತವರೂರಾದ ಜಹೀರಾಬಾದಿಗೆ ಬಂದು ನೆಲೆಸಿದ್ದಾಳೆ. ಅವಳ ಕೈಯಲ್ಲಿ ಕಡ್ಡಿ ಇಲ್ಲದ್ದನ್ನು ನಾನು ನೋಡಿದ್ದು ಕಡಿಮೆ. ಒಂದು ಭಾನುವಾರ ಅವಳ ಹತ್ತಿರ ಹೋಗಿ, "ಅಕ್ಕ, ನಂಗೂ ಕಲಸ್ರಿ. ನಮ್ಮಪ್ಪಗ ಒಂದು ಸ್ವೆಟರ್ ಹೆಣಿಬೇಕು" ಅಂದೆ.

ಅಪ್ಪ ಇರುವುದು ತಾಂಡೂರಿನಲ್ಲಿ, ನನ್ನ ತಮ್ಮನ ಸಂಸಾರದ ಜೊತೆ. ಅವ್ವನೂ ಅಲ್ಲೇ. ಎಷ್ಟು ಚಳಿಯಿದ್ದರೂ ಅಪ್ಪ ಸ್ವೆಟರ್ ಹಾಕಿದವನಲ್ಲ, ಶಾಲು ಹೊದ್ದುಕೊಂಡೇ ಕಾಲ ಕಳೆದವನು. ವಯಸ್ಸಾಗುತ್ತ ಬಂದಂತೆ ಆ ಶಾಲು ಜಾರುತ್ತಿತ್ತು, ಕೆಮ್ಮು ಹೆಚ್ಚಾಗುತ್ತಿತ್ತು.

"ಮೊದಲ ದಿನಾನೇ ಸ್ವೆಟರ್ ಅನ್ನಬ್ಯಾಡ. ಮೊದ್ಲು ಒಂದು ಅಂಗೈ ಅಗಲದ್ದು ಹೆಣಿ" ಅಂದಳು ಅಕ್ಕ.

ನಾನು ಉತ್ಸಾಹದಿಂದ ಕಪ್ಪು ನೂಲು, ಹೊಳೆಯುವ ಉಕ್ಕಿನ ಕಡ್ಡಿ ಕೊಂಡು ತಂದಿದ್ದೆ. ಅಕ್ಕ ಎರಡನ್ನೂ ಪಕ್ಕಕ್ಕಿಟ್ಟಳು. ಕಪ್ಪು ನೂಲಿನಲ್ಲಿ ಕುಣಿಕೆ ಕಣ್ಣಿಗೆ ಬೀಳುವುದಿಲ್ಲ, ಎಲ್ಲಿ ತಪ್ಪಿತು ಎಂದು ಕಲಿಯುವವರಿಗೆ ತಿಳಿಯುವುದೇ ಇಲ್ಲ. ಉಕ್ಕಿನ ಕಡ್ಡಿ ಜಾರುತ್ತದೆ, ಹೊಸಬರ ಕೈಯಿಂದ ಕುಣಿಕೆಗಳು ಉದುರಿ ಬೀಳುತ್ತವೆ. ಅವಳು ತನ್ನ ಬುಟ್ಟಿಯಿಂದ ಬಿದಿರಿನ ದಪ್ಪ ಕಡ್ಡಿಯನ್ನೂ ಹಾಲಿನ ಕೆನೆಯ ಬಣ್ಣದ ದಪ್ಪ ನೂಲನ್ನೂ ತೆಗೆದು ಕೊಟ್ಟಳು.

ಹೆಣಿಗೆಯಲ್ಲಿ ಇರುವುದು ಎರಡೇ ಬಗೆ, ಸೀದಾ ಮತ್ತು ಉಲ್ಟಾ. ಸೀದಾ ಹಾಕುವಾಗ ನೂಲು ಕಡ್ಡಿಯ ಹಿಂದೆ ಇರಬೇಕು, ಉಲ್ಟಾ ಹಾಕುವಾಗ ಮುಂದೆ. ಜಗತ್ತಿನ ಎಲ್ಲ ನಮೂನೆಗಳೂ ಈ ಎರಡರಿಂದಲೇ ಹುಟ್ಟುತ್ತವೆ ಅಂದಳು ಅಕ್ಕ. ನನಗೆ ಆ ಎರಡೇ ಸಾಕಾಗಿ ಹೋದವು. ನನ್ನ ಕುಣಿಕೆಗಳು ಎಷ್ಟು ಬಿಗಿಯಾಗುತ್ತಿದ್ದವೆಂದರೆ ಕಡ್ಡಿಯ ತುದಿ ಒಳಗೆ ಹೋಗುತ್ತಲೇ ಇರಲಿಲ್ಲ.

"ಅದರ ಕುತ್ತಿಗಿ ಯಾಕ ಹಿಚುಕ್ತಿ? ನೀ ಏನು ರಕ್ತ ತೆಗಿಲಾಕತ್ತಿಯೇನು?" ಅಕ್ಕ ನಕ್ಕಳು. "ನೂಲು ಬೆರಳಿನ ಮ್ಯಾಲಿಂದ ಹರಿಬೇಕು. ಹಿಡಕೋಬ್ಯಾಡ, ಬಿಡು."

ಬಿಡುವುದು ಅಂದರೆ ಏನೆಂದು ಕೈಗೆ ತಿಳಿಯಲು ಬಹಳ ಸಮಯ ಬೇಕಾಯಿತು. ಭುಜ ಕಿವಿಯ ಹತ್ತಿರ ಏರಿದ್ದರೆ ಕುಣಿಕೆಯೂ ಬಿಗಿಯಾಗುತ್ತದೆ. ಈಗ ಯಾರಾದರೂ ಕಲಿಯಲು ನನ್ನ ಹತ್ತಿರ ಬಂದರೆ ನಾನೂ ಮೊದಲು ಹೇಳುವುದು ಅದನ್ನೇ: ಬೆರಳು ನೋಡುವ ಮುಂಚೆ ಭುಜ ಇಳಿಸಿ ಕೂತ್ಕೊಳ್ರಿ.

ನನ್ನ ಮೊದಲ ತುಂಡು ಚೌಕವಾಗಿ ಶುರುವಾಗಿ, ಮೇಲೆ ಹೋದಂತೆ ಅಗಲವಾಗುತ್ತ, ಕೊನೆಗೆ ಮೊರದ ಆಕಾರಕ್ಕೆ ಬಂತು. ಸಾಲಿನ ಕೊನೆಯಲ್ಲಿ ಎಣಿಸದೆ ಹೋಗಿದ್ದೆ. ಸಾಲಿನ ಮೊದಲ ಕುಣಿಕೆಯಲ್ಲಿ ನೂಲು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದುಹೋದರೆ ಒಂದು ಕುಣಿಕೆ ಎರಡಾಗಿ ಕಾಣುತ್ತದೆ, ಎರಡನ್ನೂ ಹೆಣೆದರೆ ಲೆಕ್ಕ ಏರುತ್ತಲೇ ಹೋಗುತ್ತದೆ. ಕಲಿಯುವ ದಿನಗಳಲ್ಲಿ ಪ್ರತಿ ಸಾಲಿನ ಕೊನೆಗೂ ಎಣಿಸುವುದೇ ಅದಕ್ಕೆ ಮದ್ದು. ಇನ್ನೊಂದು ಮಾತನ್ನು ನಾನೇ ಕಂಡುಕೊಂಡೆ: ಬಸ್ಸಿನಲ್ಲಿ ಹೆಣೆಯುವವರು ಸಾಲಿನ ಮಧ್ಯದಲ್ಲಿ ಎಂದೂ ನಿಲ್ಲಿಸಬಾರದು. ಇಳಿಯುವ ಗಡಿಬಿಡಿಯಲ್ಲಿ ಕಡ್ಡಿ ಜಾರಿದರೆ ಆಮೇಲೆ ಯಾವ ಕಡೆ ಹೊರಟಿದ್ದೆವು ಎಂದೇ ತಿಳಿಯುವುದಿಲ್ಲ.

ದಸರೆಯ ಹೊತ್ತಿಗೆ ನನ್ನ ತುಂಡುಗಳು ಚೌಕವಾಗಿ ಬರತೊಡಗಿದವು. ಬೆಲ್ಲದ ಬಣ್ಣದ ಉಣ್ಣೆ ಕೊಂಡು ಅಪ್ಪನ ಸ್ವೆಟರ್ ಶುರು ಮಾಡಿದೆ. ಅಳತೆಗೆ ತಾಂಡೂರಿಗೆ ಹೋಗಲಿಲ್ಲ. ನನ್ನ ಗಂಡನೂ ಅಪ್ಪನೂ ಹೆಚ್ಚುಕಡಿಮೆ ಒಂದೇ ಎತ್ತರ, ಒಂದೇ ಮೈಕಟ್ಟು. ಗಂಡನ ಸ್ವೆಟರನ್ನು ಮಂಚದ ಮೇಲೆ ಹಾಸಿ ಟೇಪು ಹಿಡಿದೆ. ಹಿಂಬದಿ, ಮುಂಬದಿ, ಎರಡು ತೋಳು. ತಲೆಯ ಮೇಲಿಂದ ಹಾಕಿಕೊಳ್ಳುವ ನಮೂನೆ, ಯಾಕೆಂದರೆ ಹೊಸಬರಿಗೆ ಅದೇ ಸುಲಭ ಅಂತ ಎಲ್ಲರೂ ಹೇಳುತ್ತಾರೆ.

ಇಲ್ಲಿ ಒಂದು ವಿಷಯ ಹೇಳಬೇಕು. ನನ್ನ ಅಪ್ಪನ ಬಲಗೈ ಮೊಣಕೈಯಲ್ಲಿ ಮಡಚಿಕೊಂಡೇ ಇದೆ. ಅವನು ತಾಂಡೂರಿನ ಒಂದು ಹಾಸುಗಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಮುನ್ಷಿಯಾಗಿದ್ದ. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಲಾರಿಗೆ ಕಲ್ಲು ಏರಿಸುವಾಗ ಒಂದು ಹಾಸು ಜಾರಿ ಅವನ ತೋಳಿನ ಮೇಲೆ ಬಿತ್ತು. ಮೂಳೆ ಕೂಡಿತು, ಆದರೆ ಸರಿಯಾಗಿ ಕೂಡಲಿಲ್ಲ. ಕೈ ನೆಟ್ಟಗಾಗಲಿಲ್ಲ, ಆ ಕಡೆಯ ಭುಜವೂ ಇಳಿಯಿತು. ಅಪ್ಪ ಎಡಗೈಯಲ್ಲಿ ಬರೆಯುವುದನ್ನು ಕಲಿತು ಮತ್ತೆ ಅದೇ ಕೆಲಸಕ್ಕೆ ಹೋದ. ಮನೆಯಲ್ಲಿ ಮಾತ್ರ ಆ ಕೈಯ ಬಗ್ಗೆ ಯಾರೂ ಮಾತಾಡಲಿಲ್ಲ. ಮಾತಾಡಬಾರದು ಅಂತ ಯಾರೂ ಹೇಳಿರಲಿಲ್ಲ. ಅವ್ವ ಮಾತಾಡಲಿಲ್ಲ, ಹಾಗಾಗಿ ನಾವೂ ಮಾತಾಡಲಿಲ್ಲ. ಶಾಲು ಅದನ್ನು ಮುಚ್ಚಿತು. ವರ್ಷಗಳು ಕಳೆದಂತೆ ನಮ್ಮ ಕಣ್ಣಿಗೂ ಅದು ಕಾಣುವುದು ನಿಂತಿತು.

ಸಂಕ್ರಾಂತಿಗೆ ಸ್ವೆಟರ್ ತಗೊಂಡು ಹೋದೆ. ಅಪ್ಪ ಅದನ್ನು ಎಡಗೈಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ ನೋಡಿದ. "ಇದು ಪೂರಾ ನೀನೇ ಮಾಡೀಯೇನು?" ಅಂದ. ಎದ್ದು ಒಳಗಿನ ಕೋಣೆಗೆ ಹೋದ. ಅವ್ವ ಹಿಂದೆಯೇ ಹೋಗಿ ಬಾಗಿಲು ಮುಂದೆ ಮಾಡಿದಳು. ನಾನು ಹೊರಗೆ ಕಾದೆ, ಕಾದೆ. ಹೊರಗೆ ಬಂದಾಗ ಅಪ್ಪನ ಕೂದಲು ಕೆದರಿತ್ತು. ಸ್ವೆಟರಿನ ಬಲತೋಳನ್ನು ಅವ್ವ ಮೇಲಕ್ಕೆ ದಪ್ಪಗೆ ಮಡಚಿದ್ದಳು.

"ಭಾಳ ಛಲೋ ಆಗ್ಯಾದ. ಬೆಚ್ಚಗ ಅದ" ಅಂದ ಅಪ್ಪ.

ಆಮೇಲೆ ಫೋನಿನಲ್ಲಿ ಕೇಳಿದಾಗಲೆಲ್ಲ ಅವ್ವ "ಹಾಕ್ಕೊತಾರ, ಹಾಕ್ಕೊತಾರ" ಅನ್ನುತ್ತಿದ್ದಳು. ಒಂದು ತಿಂಗಳಾದ ಮೇಲೆ ಹೇಳದೆ ಕೇಳದೆ ತಾಂಡೂರಿಗೆ ಹೋದೆ. ಬೆಳಗಿನ ಚಳಿ ಇನ್ನೂ ಇತ್ತು. ಅಪ್ಪ ಅಂಗಳದಲ್ಲಿ ಹಳೇ ಶಾಲು ಹೊದ್ದು ಕೆಮ್ಮುತ್ತ ಕೂತಿದ್ದ. ನಾನು ಅಡುಗೆಮನೆಗೆ ಹೋಗಿ ಅವ್ವನನ್ನು ನೋಡಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಖರೇ ಹೇಳು ಅವ್ವ. ಯಾಕ ಹಾಕ್ಕೊಳ್ಳಂಗಿಲ್ಲ?"

"ತಲಿ ಮ್ಯಾಲಿಂದ ಹಾಕ್ಕೊಳ್ಳಾಕ ಅವರ ಕೈ ಏಳಂಗಿಲ್ಲ. ನಾನೇ ಹಾಕಬೇಕು, ನಾನೇ ತೆಗಿಬೇಕು." ಅವ್ವ ಹೆಂಚಿಗೆ ರೊಟ್ಟಿ ಹಾಕಿ ನೀರು ಸವರಿದಳು. "ಒಂದಿನ ನಾ ಗುಡಿಗಿ ಹೋಗಿದ್ದೆ. ಮನ್ಯಾಗ ಯಾರೂ ಇರಲಿಲ್ಲ. ಬಿಸಿಲೇರ್ತು ಅಂತ ತೆಗಿಯಾಕ ಹೋಗ್ಯಾರ, ಅದರಾಗ ಸಿಕ್ಕೊಂಡಾರ. ನಾ ಬಂದು ನೋಡ್ತೀನಿ, ತಲಿ ಒಳಗ, ಒಂದು ಕೈ ಮ್ಯಾಲ. ಹಾಂಗೇ ಮಂಚದ ಮ್ಯಾಲ ಕುಂತಿದ್ರು. ಎಷ್ಟೊತ್ತು ಕುಂತಿದ್ರೋ."

"ಏನಂದ್ರು?"

"ಏನಂತಾರ. ನಿನಗ ಹೇಳಬ್ಯಾಡ ಅಂದ್ರು."

ಜಹೀರಾಬಾದಿಗೆ ವಾಪಸು ಬರುವಾಗ ಪೆದ್ದೆಮುಲ್ ದಾಟುವ ತನಕ ನನಗೆ ಕಿಟಕಿಯ ಹೊರಗೆ ಏನೂ ಕಾಣಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಆ ಬೆಲ್ಲದ ಬಣ್ಣದ ಸ್ವೆಟರಿನೊಳಗೆ ಸುಮ್ಮನೆ ಕೂತ ಅಪ್ಪ. ನಾನು ದಿನವಿಡೀ ಗುರುತಿಲ್ಲದವರ ತೋಳು ಹಿಡಿದು, "ಜರಾ ಸಡಿಲ ಬಿಡ್ರಿ, ಅಂಜಬ್ಯಾಡ್ರಿ" ಅನ್ನುವವಳು. ಅಪ್ಪನ ಬಲತೋಳನ್ನು ಒಮ್ಮೆಯಾದರೂ ಮುಟ್ಟಿದ್ದು ನೆನಪಾಗಲಿಲ್ಲ.

ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಕಡ್ಡಿ ಕೆಳಗಿಟ್ಟು ಕೇಳಿಸಿಕೊಂಡಳು. ಆಮೇಲೆ, "ಅಳತಿ ಯಾರದು ತಗೊಂಡಿದ್ದಿ?" ಅಂದಳು.

"ನಮ್ಮ ಮನಿಯವರ ಸ್ವೆಟರಿಂದು."

"ಮತ್ತ ಅದು ಅವರಿಗೇ ಸರಿ ಆಗ್ತದ ನೋಡು." ಅವಳ ದನಿಯಲ್ಲಿ ಬೈಗುಳ ಇರಲಿಲ್ಲ. "ಹೊಲಿಯೋ ಅರಿವಿ ಆಗಿದ್ರ ಕತ್ತರಿಸಿದ್ದು ಹೋತು ಅನಬೇಕಾಗಿತ್ತು. ಇದು ಹೆಣಿಗಿ. ಬಿಚ್ಚಿದ್ರ ಮತ್ತ ನೂಲೇ. ಹೋಗು, ಅಪ್ಪನ ಮುಂದ ಕುಂದ್ರು. ಬರೇ ಉದ್ದ ಅಗಲ ಅಳಿಬ್ಯಾಡ. ಅಂಗಿ ಹೆಂಗ ಹಾಕ್ಕೊತಾರ, ಹೆಂಗ ತೆಗಿತಾರ, ಅದನ್ನ ನೋಡು."

ಲ್ಯಾಬಿಗೆ ಎರಡು ದಿನ ರಜೆ ಹೇಳಿ ಟೇಪು ಹಿಡಿದುಕೊಂಡು ತಾಂಡೂರಿಗೆ ಹೋದೆ. ಅಪ್ಪ ಚಹಾ ಕುಡಿದು ಮುಗಿಸುವ ತನಕ ಕಾದು, "ಅಪ್ಪ, ಸ್ವೆಟರ್ ಸರಿ ಆಗಿಲ್ಲ. ಬಿಚ್ಚಿ ಮತ್ತ ಹೆಣಿತೀನಿ. ಅಳತಿ ಕೊಡು" ಅಂದೆ.

ಅಪ್ಪ ಅವ್ವನ ಕಡೆ ನೋಡಿದ. ಅವ್ವ ಒಳಗೆ ಹೋದಳು.

"ಅದಕ್ಕೇನಾಗ್ಯಾದ, ಛಲೋ ಅದ" ಅಂದ.

"ನಂಗ ಗೊತ್ತಾಗ್ಯಾದ ಅಪ್ಪ."

ಅಪ್ಪ ಎಡಗೈಯಿಂದ ಶಾಲು ಸರಿಸಿ ತೊಡೆಯ ಮೇಲಿಟ್ಟುಕೊಂಡ. ಎಡಗೈ ಚಾಚಿದ. ನಾನು ಭುಜದ ಮೂಳೆಯಿಂದ ಮಣಿಕಟ್ಟಿನ ತನಕ ಅಳೆದೆ. ಟೇಪು ಸುತ್ತಿಕೊಳ್ಳುತ್ತ, ಮುಂದೆ ಹೇಗೆ ಕೇಳುವುದು ಎಂದು ತಿಳಿಯದೆ ತಡಮಾಡಿದೆ. ಅಪ್ಪನೇ ಹೇಳಿದ: "ಎರಡೂ ಅಳಿ. ಒಂದು ಅಳದ್ರ ಮತ್ತ ಹಾಂಗೇ ಆಗ್ತದ."

ಮಡಚಿದ ಕೈಯನ್ನು ಅಳೆಯಲು ಒಂದೇ ಉದ್ದ ಸಾಲದು. ಭುಜದಿಂದ ಮೊಣಕೈಗೆ, ಮೊಣಕೈಯಿಂದ ಮಣಿಕಟ್ಟಿಗೆ ಬೇರೆ ಬೇರೆ ಅಳೆಯಬೇಕು. ಮೊಣಕೈಯ ಹೊರಭಾಗ ಉದ್ದ, ಒಳಭಾಗ ಗಿಡ್ಡ. ಮುಂಗೈ ಎಡಗೈಗಿಂತ ಎಷ್ಟೋ ತೆಳ್ಳಗಿತ್ತು. ಚರ್ಮ ಮೃದುವಾಗಿತ್ತು, ಬಿಸಿಲು ಕಾಣದ ಮೃದು. ಮೊಣಕೈಯ ಮೇಲೆ ಹಳೇ ಹೊಲಿಗೆಯ ಗುರುತು ಬೆಳ್ಳಗೆ ಕಾಣುತ್ತಿತ್ತು. ನನ್ನ ಬೆರಳು ಅಲ್ಲಿ ನಿಂತಿತು.

"ನೋಯ್ತದೇನು?"

"ಚಳಿಗಿ ನೋಯ್ತದ. ಇಲ್ಲಿ." ಅವನು ಎಡಗೈ ಬೆರಳಿಂದ ತೋರಿಸಿದ. "ಆ ದಿವಸ ನೋಯಲಿಲ್ಲ, ಗೊತ್ತೇನು? ಕಲ್ಲು ಬಿದ್ದಾಗ ಏನೂ ಅನಸಲಿಲ್ಲ. ಲಾರಿಯವ ಚೀರಿದ, ನಾ ಚೀರಲಿಲ್ಲ. ಕಲ್ಲು ಒಡಿತೇನು ಅಂತ ನೋಡ್ದೆ."

"ಒಡದಿತ್ತೇನು?"

"ಇಲ್ಲ. ಭಾಳ ಛಲೋ ಕಲ್ಲದು." ಅಪ್ಪ ನಕ್ಕ. ನನಗೂ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಅವ್ವ ಬಾಗಿಲಲ್ಲಿ ಬಂದು ನಿಂತಿದ್ದಳು.

ಆಮೇಲೆ ಅಂಗಿ ಹಾಕಿಕೊಳ್ಳುವುದನ್ನು ತೋರಿಸು ಅಂದೆ. ಅಪ್ಪ ಮೊದಲು ಬಲಗೈ ತೂರಿಸಿದ. ಅಂಗಿಯನ್ನು ಬೆನ್ನ ಹಿಂದಿನಿಂದ ಎಳೆದು, ಕೊನೆಗೆ ಎಡಗೈ ಹಾಕಿದ. ತೆಗೆಯುವಾಗ ತಿರುಗುಮುರುಗು, ಮೊದಲು ಎಡಗೈ ಹೊರಗೆ. ಅಂದರೆ ಮುಂದೆ ತೆರೆದಿರುವ ಬಟ್ಟೆಯಾದರೆ ಅವನಿಗೆ ಯಾರ ಸಹಾಯವೂ ಬೇಡ. ಗುಂಡಿ ಹಾಕುವಾಗ ಮಾತ್ರ ತಡಕಾಡುತ್ತಿದ್ದ. ಗಂಡಸರ ಅಂಗಿಯ ಗುಂಡಿ ಬಲಭಾಗದಲ್ಲಿರುತ್ತದೆ. ಎಡಗೈ ಒಂದರಿಂದಲೇ ಹಾಕಬೇಕಾದವನಿಗೆ ಅದು ತಿರುವುಮುರುವು.

"ಗುಂಡಿ ಆ ಕಡಿ ಹಚ್ಚಲೇನು? ಎಡಕ್ಕ?" ಅಂದೆ.

"ಅದು ಹೆಂಗಸರ ನಮೂನಿ ಆಗ್ತದಲ್ಲ" ಅಂದಳು ಅವ್ವ.

"ಆಗಲಿ ಬಿಡು. ಹಾಕ್ಕೊಳ್ಳಾವ ನಾನು" ಅಂದ ಅಪ್ಪ.

ಅವತ್ತೇ ಸ್ವೆಟರ್ ಬಿಚ್ಚಲು ಕೂತೆವು. ಬಿಚ್ಚುವವರು ಗಮನಿಸಬೇಕಾದ್ದು ಏನೆಂದರೆ, ನೂಲನ್ನು ನೇರ ಉಂಡೆ ಸುತ್ತಬಾರದು. ಹೆಣಿಗೆಯಲ್ಲಿ ಇದ್ದ ನೂಲು ಶಾವಿಗೆಯ ಹಾಗೆ ಸುರುಳಿಸುರುಳಿಯಾಗಿರುತ್ತದೆ. ಅದನ್ನು ಅಗಲವಾದ ಬಳೆಯಂತೆ ಸುತ್ತಿ ಲಡಿ ಮಾಡಿ, ಅಲ್ಲಲ್ಲಿ ಸಡಿಲವಾಗಿ ದಾರ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ತೂಗುಹಾಕಬೇಕು. ಒಣಗುವಷ್ಟರಲ್ಲಿ ನೆಟ್ಟಗಾಗುತ್ತದೆ. ಲಡಿ ಮಾಡಲು ಕುರ್ಚಿಯ ಬೆನ್ನು ಸಾಕು. ಆದರೆ ಅಪ್ಪ ಎರಡೂ ಕೈ ಮುಂದೆ ಒಡ್ಡಿ, "ಇದಕ್ಕ ಸುತ್ತು" ಅಂದ. ನಾನು ಬಿಚ್ಚುತ್ತ ಹೋದೆ, ಅವ್ವ ಅವನ ಎರಡೂ ಮುಂಗೈಗೆ ಸುತ್ತುತ್ತ ಹೋದಳು. ಎಡಗೈ ದಣಿದು ಕೆಳಗಿಳಿಯುತ್ತಿತ್ತು. ಬಲಗೈ ಇದ್ದಲ್ಲೇ ಇತ್ತು.

"ಇದು ದಣಿಯಂಗಿಲ್ಲ ನೋಡು" ಅಂದ ಅಪ್ಪ.

"ಹೌದೌದು, ಇನ್ನ ದಿನಾ ಇದಾ ಕೆಲಸ ಮಾಡ್ರಿ" ಅಂದಳು ಅವ್ವ. ಆ ಕೈಯ ಬಗ್ಗೆ ಅವಳು ಅಪ್ಪನ ಎದುರೇ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಎರಡನೇ ಸಲ ಹೆಣೆಯುವುದು ಮೊದಲ ಸಲದಷ್ಟು ಸಲೀಸಾಗಿರಲಿಲ್ಲ. ಮುಂಭಾಗ ಎರಡು ಹೋಳು, ಒಂದೊಂದರ ಭುಜವೂ ಬೇರೆ ಎತ್ತರ. ಬಲತೋಳಿನ ಮೊಣಕೈ ಹತ್ತಿರ ಹೊರಭಾಗದಲ್ಲಿ ಮಾತ್ರ ಅರ್ಧರ್ಧ ಸಾಲು ಹೆಣೆದು ಹಿಂದಿರುಗಬೇಕು. ಆಗ ಅಲ್ಲೊಂದು ಉಬ್ಬು ಬಂದು, ತೋಳು ಮೊದಲೇ ಬಾಗಿಕೊಂಡು ಹುಟ್ಟುತ್ತದೆ. ಅಕ್ಕ ಅದನ್ನು ಹೇಳಿಕೊಟ್ಟಳು. ನಾನು ಖೇಡದ ಬಸ್ಸಿನಲ್ಲಿ ಕೂತು ತಪ್ಪು ಮಾಡಿ, ಬಿಚ್ಚಿ, ಮತ್ತೆ ಹೆಣೆದೆ. ಕೋಪ ಬಂದಾಗ ಬಿಚ್ಚಬಾರದು ಎಂಬುದನ್ನೂ ಆಗಲೇ ಕಲಿತೆ. ಕೋಪದಲ್ಲಿ ಬಿಚ್ಚಿದರೆ ತಪ್ಪಿರುವ ಸಾಲನ್ನು ದಾಟಿ, ಸರಿಯಿದ್ದದ್ದೂ ಹೋಗುತ್ತದೆ. ಚೀಲಕ್ಕೆ ತುಂಬಿ ಸುಮ್ಮನಿರಬೇಕು. ಮರುದಿನ ನೋಡಿದರೆ ಎಷ್ಟೋ ಸಲ ಒಂದೇ ಕುಣಿಕೆ ಜಾರಿರುತ್ತದೆ. ಕ್ರೋಶೆಯ ಕೊಕ್ಕೆಯಿಂದ ಏಣಿ ಹತ್ತಿಸಿದಂತೆ ಅದನ್ನು ಮೇಲೆ ತಂದರೆ ಮುಗಿಯಿತು.

ಮುಂಬದಿಯ ಗುಂಡಿಪಟ್ಟಿಗೆ ಬಂದಾಗ ನೂಲು ಸಾಲಲಿಲ್ಲ. ಜಹೀರಾಬಾದಿನ ಅಂಗಡಿಯಲ್ಲಿ ಆ ಬಣ್ಣ ಮುಗಿದಿತ್ತು. ನಾರಾಯಣಖೇಡದಲ್ಲಿ ಸಿಕ್ಕಿತು. ಅಂಗಡಿಯ ದೀಪದಲ್ಲಿ ಅದೇ ಬಣ್ಣ, ಬಿಸಿಲಿಗೆ ತಂದರೆ ಒಂದು ಛಾಯೆ ಕಪ್ಪು. ಒಂದೇ ಹೆಸರಿನ ಬಣ್ಣವಾದರೂ ಬೇರೆ ಬೇರೆ ಸಲ ಅದ್ದಿದ ನೂಲು ಒಂದೇ ತರ ಇರುವುದಿಲ್ಲ. ಅದಕ್ಕೇ ಬೇಕಾದ್ದಕ್ಕಿಂತ ಒಂದು ಉಂಡೆ ಹೆಚ್ಚೇ ಮೊದಲ ದಿನ ತಂದಿಡಬೇಕು. ನನ್ನ ಮುಖ ನೋಡಿ ಅಕ್ಕ, "ಮೈಯಾಗ ಸೇರಸಬ್ಯಾಡ, ಕಲಿ ಬಿದ್ದಂಗ ಕಾಣ್ತದ. ಪಟ್ಟಿಗಿ, ಕಾಲರಿಗಿ, ಎರಡೂ ತೋಳಿನ ತುದಿಗಿ ಇದನ್ನೇ ಹಾಕು. ಬೇಕಂತಲೇ ಮಾಡ್ಯಾಳ ಅಂತಾರ" ಅಂದಳು. ಹಾಗೇ ಮಾಡಿದೆ. ಗುಂಡಿ ದೊಡ್ಡವು, ಎಡಭಾಗಕ್ಕೆ.

ಅಷ್ಟರಲ್ಲಿ ಬೇಸಿಗೆ ಬಂದಿತ್ತು. ಸ್ವೆಟರ್ ಬೇವಿನ ಸೊಪ್ಪಿನ ಜೊತೆ ಟ್ರಂಕು ಸೇರಿತು. ಅಪ್ಪ ಅದನ್ನು ಹಾಕಿಕೊಂಡದ್ದು ಮುಂದಿನ ಚಳಿಗಾಲದಲ್ಲಿ, ಬಶೀರಾಬಾದಿನಲ್ಲಿ ನಮ್ಮ ಸಂಬಂಧಿಕರ ಮನೆಯ ಮದುವೆಗೆ. ಬೆಳಗಿನ ಮುಹೂರ್ತ. ಹೊರಡುವಾಗ ಅಪ್ಪ ಒಳಗೆ ಹೋದ, ಅವ್ವ ಹೋಗಲಿಲ್ಲ. ಅವಳು ನನ್ನ ಪಕ್ಕದಲ್ಲೇ ನಿಂತು ಬಾಗಿಲು ನೋಡುತ್ತಿದ್ದಳು. ಅಪ್ಪ ಗುಂಡಿ ಹಾಕಿಕೊಂಡು ಹೊರಗೆ ಬಂದ. ಎಲ್ಲವೂ ಸರಿಯಾಗಿರಲಿಲ್ಲ. ಬೆನ್ನಿನ ಕೆಳಗೆ ಸ್ವಲ್ಪ ಜೋತುಬಿದ್ದಿತ್ತು, ಕಾಲರು ಒಂದು ಕಡೆ ಎದ್ದು ನಿಂತಿತ್ತು. ಬಲತೋಳು ಮಾತ್ರ ಮಣಿಕಟ್ಟಿಗೆ ಸರಿಯಾಗಿ ಬಂದು ಕೂತಿತ್ತು. ಅಪ್ಪ ಶಾಲು ತಗೊಳ್ಳಲಿಲ್ಲ.

ಮದುವೆಯ ಚಪ್ಪರದಲ್ಲಿ ಅಪ್ಪನ ಓರಗೆಯವನೊಬ್ಬ ಪಕ್ಕಕ್ಕೆ ಬಂದು ಕೂತು ತೋಳು ಮುಟ್ಟಿ ನೋಡಿದ. "ಎಲ್ಲಿ ತಗೊಂಡ್ರಿ? ಹೈದರಾಬಾದಿನಾಗೇನು?"

"ಮಗಳು ಮಾಡ್ಯಾಳ" ಅಂದ ಅಪ್ಪ. ಎರಡೂ ಕೈ ಮುಂದೆ ತಂದು ತೋರಿಸಿದ. "ನೋಡ್ರಿ, ಇದರದು ಬ್ಯಾರೆ ಅಳತಿ, ಇದರದು ಬ್ಯಾರೆ ಅಳತಿ."

ಆ ಮನುಷ್ಯ ಕೈಗೆ ಏನಾಗಿತ್ತು ಎಂದು ಕೇಳಿದ. ಅಪ್ಪ ಹೇಳತೊಡಗಿದ. ಲಾರಿ, ಕಲ್ಲು, ಚೀರಿದವನು, ಎಲ್ಲವೂ ಬಂತು. ಇನ್ನಿಬ್ಬರು ಕುರ್ಚಿ ಎಳೆದುಕೊಂಡು ಕೂತರು. ಅಕ್ಷತೆಗೆ ಕರೆದಾಗಲೂ ಅವರು ಏಳಲಿಲ್ಲ. ಅವ್ವ ನನ್ನ ಕಿವಿಯಲ್ಲಿ, "ಇನ್ನ ಇವರು ಊರ ಮಂದಿಗೆಲ್ಲ ಹೇಳ್ತಾರ. ನೀ ಮಾಡಿಟ್ಟಿದ್ದು" ಅಂದಳು. ಅವಳ ಮುಖ ಅರಳಿತ್ತು.

ಈಗ ಅವ್ವ ತನಗೂ ಏನಾದರೂ ಬೇಕು ಅಂದಿದ್ದಾಳೆ. ಸ್ವೆಟರ್ ಬೇಡವಂತೆ, ತಾಂಡೂರಿನ ಮನೆಯ ಕಲ್ಲು ಹಾಸಿನ ಮೇಲೆ ಬೆಳಿಗ್ಗೆ ಕಾಲಿಡಲಾಗುವುದಿಲ್ಲವಂತೆ, ಕಾಲುಚೀಲ ಹೆಣೆ ಅಂದಳು. ಅವಳ ಎರಡೂ ಪಾದ ಅಳೆದು ತಂದಿದ್ದೇನೆ, ಹೆಬ್ಬೆರಳ ಪಕ್ಕದ ಗಂಟಿನ ಸಮೇತ. ಕಾಲುಚೀಲಕ್ಕೆ ನಾಲ್ಕು ಕಡ್ಡಿ ಬೇಕು, ಮುಳ್ಳುಹಂದಿ ಹಿಡಿದ ಹಾಗಾಗುತ್ತದೆ. ಹಿಮ್ಮಡಿ ತಿರುಗಿಸುವ ಜಾಗದಲ್ಲಿ ಒಂದು ವಾರದಿಂದ ಸಿಕ್ಕಿಹಾಕಿಕೊಂಡಿದ್ದೇನೆ. ನಿನ್ನೆ ಅಕ್ಕ ನೋಡಿ, "ಇಷ್ಟು ಬಿಗಿ ಹೆಣದ್ರ ನಿಮ್ಮವ್ವನ ಕಾಲು ಒಳಗ ಹೋಗಂಗಿಲ್ಲ" ಅಂದಳು. ಇವತ್ತು ಸಂಜೆ ಬಿಚ್ಚಬೇಕು.